ಪ್ರಶ್ನೋತ್ತರ: ಫ್ರಾನ್ಸಿನ ಡಿಫೆಂಡರ್ ಪರದೇಶದ ಕ್ಲಬ್ಬಿಗೆ ಹೊರಟಾಗ

ಫ್ರೆಂಚ್ ಫುಟ್‌ಬಾಲ್ ಡಿಫೆಂಡರ್‌ಗಳು ಹೊರದೇಶಗಳ ಕ್ಲಬ್‌ಗಳಲ್ಲಿ ಕಟ್ಟಿಕೊಳ್ಳುವ ವೃತ್ತಿಜೀವನದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಬಹುತೇಕ ಪ್ರಶ್ನೆಗಳು ವರ್ಗಾವಣೆಯ ಮೊತ್ತದ ಸುತ್ತಲೇ ಇದ್ದವು. ಆದರೆ ಡಿಫೆಂಡರ್‌ನ ಏಳುಬೀಳುಗಳನ್ನು ಆ ಮೊತ್ತಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಕರಾರಿನ ಕಾಗದ ಮತ್ತು ಮೈದಾನದಲ್ಲಿ ಸಿಗುವ ನಿಮಿಷಗಳು. ಹಾಗಾಗಿ ಉತ್ತರಗಳು ಆ ಕಡೆಗೇ ವಾಲಿವೆ.

ಪ್ರಶ್ನೆ: ಕ್ಲಬ್ಬೊಂದು ವರ್ಷಗಟ್ಟಲೆ ಖರ್ಚು ಮಾಡಿ ಹುಡುಗನನ್ನು ತಯಾರು ಮಾಡುತ್ತದೆ. ಅವನು ಅಲ್ಲಿ ಸಹಿ ಹಾಕದೆ ಬೇರೆ ದೇಶಕ್ಕೆ ಹೊರಟರೆ ಆ ಕ್ಲಬ್ಬಿಗೆ ಏನು ಸಿಗುತ್ತದೆ? ಒಲಿವಿಯೆ ಬರ್ನಾರ್ ಪ್ರಕರಣ ಎಂದರೇನು?

ಉತ್ತರ: ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ, ಯಾಕೆಂದರೆ ಈಗಿನ ಲೆಕ್ಕಾಚಾರದ ಹಿಂದಿರುವ ತತ್ತ್ವವನ್ನು ನ್ಯಾಯಾಲಯ ಬಿಡಿಸಿ ಹೇಳಿದ್ದು ಬರ್ನಾರ್ ಪ್ರಕರಣದಲ್ಲೇ.

ಬರ್ನಾರ್ ಎಡ ಬದಿಯ ಡಿಫೆಂಡರ್. 1997ರಲ್ಲಿ ಒಲಿಂಪಿಕ್ ಲಿಯೋನ್ ಕ್ಲಬ್ಬಿನೊಂದಿಗೆ ಮೂರು ಋತುಗಳ ‘ಎಸ್ಪ್ವಾರ್’, ಅಂದರೆ ತರಬೇತಿ ಹಂತದ, ಕರಾರಿಗೆ ಸಹಿ ಹಾಕಿದರು. ಆ ಕಾಲದ ಫ್ರೆಂಚ್ ವೃತ್ತಿಪರ ಫುಟ್‌ಬಾಲ್ ಸನ್ನದಿನ ಪ್ರಕಾರ, ತರಬೇತಿ ಮುಗಿದಾಗ ಕ್ಲಬ್ ವೃತ್ತಿಪರ ಕರಾರು ಮುಂದಿಟ್ಟರೆ ಆಟಗಾರ ಅದಕ್ಕೆ ಸಹಿ ಹಾಕಲೇಬೇಕಿತ್ತು. 2000ದ ಜುಲೈ 1ರಿಂದ ಒಂದು ವರ್ಷದ ಕರಾರು ಕೊಡುವುದಾಗಿ ಲಿಯೋನ್ ಹೇಳಿತು. ಬರ್ನಾರ್ ಒಪ್ಪದೆ ಇಂಗ್ಲೆಂಡಿನ ನ್ಯೂಕಾಸಲ್ ಯುನೈಟೆಡ್ ಸೇರಿದರು. ಲಿಯೋನ್ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿ 53,357.16 ಯೂರೊ ಪರಿಹಾರ ಕೇಳಿತು. ಸಹಿ ಹಾಕಿದ್ದರೆ ಆ ಒಂದು ವರ್ಷದಲ್ಲಿ ಬರ್ನಾರ್‌ಗೆ ಸಿಗುತ್ತಿದ್ದ ಸಂಬಳವೇ ಆ ಮೊತ್ತ. ಕೆಳ ನ್ಯಾಯಾಲಯ 22,867.35 ಯೂರೊ ಕೊಡಿಸಿತು, ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಕೊನೆಗೆ ವಿಷಯ ಐರೋಪ್ಯ ಒಕ್ಕೂಟದ ನ್ಯಾಯಾಲಯ ತಲುಪಿತು.

2010ರ ಮಾರ್ಚ್ 16ರ ತೀರ್ಪಿನ ತಿರುಳು ಹೀಗಿದೆ. ಎಳೆಯರನ್ನು ತಯಾರು ಮಾಡುವ ಕ್ಲಬ್ಬಿಗೆ ಪರಿಹಾರ ಸಿಗುವ ವ್ಯವಸ್ಥೆ ಇರಬಹುದು, ಆದರೆ ಅದು ತರಬೇತಿಯ ನಿಜವಾದ ಖರ್ಚಿಗೆ ಹೊಂದಿಕೊಂಡಿರಬೇಕು. ಆಟಗಾರನ ಸಂಬಳವನ್ನೋ ಕ್ಲಬ್ಬಿನ ಒಟ್ಟು ನಷ್ಟವನ್ನೋ ಅಳತೆಗೋಲು ಮಾಡಿಕೊಂಡು ದಂಡ ಹಾಕಿದಂತೆ ವಸೂಲು ಮಾಡುವಂತಿಲ್ಲ. ಇನ್ನೊಂದು ಸೂಕ್ಷ್ಮವೂ ಅದರಲ್ಲಿದೆ: ಖರ್ಚು ಎಂದರೆ ಗೆದ್ದ ಒಬ್ಬ ಹುಡುಗನ ಖರ್ಚಷ್ಟೇ ಅಲ್ಲ, ವೃತ್ತಿಪರ ಮಟ್ಟ ಮುಟ್ಟದೇ ಉಳಿದವರ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ನಮ್ಮ ದೃಷ್ಟಿಯಲ್ಲಿ ಈ ಮಾತು ಬಹಳ ನ್ಯಾಯವಾದದ್ದು. ಒಂದು ತಂಡದ ಹುಡುಗರಲ್ಲಿ ಒಬ್ಬಿಬ್ಬರು ಮೇಲೆ ಬರುತ್ತಾರೆ, ಉಳಿದವರಿಗೂ ಊಟ, ವಸತಿ, ಕೋಚ್ ಎಲ್ಲವನ್ನೂ ಕ್ಲಬ್ ಕೊಟ್ಟಿರುತ್ತದೆ. ಬರ್ನಾರ್ ನ್ಯೂಕಾಸಲ್ ಪರ ಚಾಂಪಿಯನ್ಸ್ ಲೀಗ್ ಆಡಿ, ಸೌತಾಂಪ್ಟನ್, ರೇಂಜರ್ಸ್ ಕ್ಲಬ್‌ಗಳನ್ನೂ ದಾಟಿ ಆಟ ನಿಲ್ಲಿಸಿದ ಮೇಲೆಯೇ ಈ ತೀರ್ಪು ಬಂದದ್ದು.

ಈಗ ದೇಶದಿಂದ ದೇಶಕ್ಕೆ ಹೋಗುವವರಿಗೆ ಫೀಫಾದ ತರಬೇತಿ ಪರಿಹಾರ ಅನ್ವಯಿಸುತ್ತದೆ. ಯುರೋಪಿನ ಕ್ಲಬ್‌ಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ ವರ್ಷಕ್ಕೆ 90 ಸಾವಿರ, 60 ಸಾವಿರ, 30 ಸಾವಿರ, 10 ಸಾವಿರ ಯೂರೊ ಎಂದು ದರ ಕಟ್ಟಿದ್ದಾರೆ. 12ರಿಂದ 15ನೇ ಹುಟ್ಟುಹಬ್ಬದ ಋತುಗಳಿಗೆ ಕೊನೆಯ ದರ್ಜೆಯ ದರವೇ ಲೆಕ್ಕ. ಮೊದಲ ದರ್ಜೆಯ ಫ್ರೆಂಚ್ ಕ್ಲಬ್ಬಿನಲ್ಲಿ ಹುಡುಗ 13ನೇ ಹುಟ್ಟುಹಬ್ಬದ ಋತುವಿನಿಂದ 18ನೆಯದರವರೆಗೆ ಇದ್ದು, ಜರ್ಮನಿಯ ಮೊದಲ ದರ್ಜೆಯ ಕ್ಲಬ್ಬಿನಲ್ಲಿ ಮೊದಲ ವೃತ್ತಿಪರ ಕರಾರಿಗೆ ಸಹಿ ಹಾಕಿದ ಎನ್ನಿ. ಮೂರು ಋತುಗಳಿಗೆ 10 ಸಾವಿರದಂತೆ 30 ಸಾವಿರ, ಮುಂದಿನ ಮೂರಕ್ಕೆ 90 ಸಾವಿರದಂತೆ 2 ಲಕ್ಷ 70 ಸಾವಿರ, ಒಟ್ಟು 3 ಲಕ್ಷ ಯೂರೊ.

ಕ್ಲಬ್‌ಗಳು ಎಡವುವುದು ಒಂದೇ ಕಡೆ. ಐರೋಪ್ಯ ಒಕ್ಕೂಟದೊಳಗಿನ ವರ್ಗಾವಣೆಯಲ್ಲಿ, ಹಾಲಿ ಕರಾರು ಮುಗಿಯುವ ಕನಿಷ್ಠ 60 ದಿನ ಮೊದಲು ಕ್ಲಬ್ ಹೊಸ ಕರಾರನ್ನು ಬರಹದಲ್ಲಿ ಮುಂದಿಟ್ಟಿರಬೇಕು, ಅದು ಹಾಲಿ ಕರಾರಿಗಿಂತ ಕಡಿಮೆ ಮೌಲ್ಯದ್ದಾಗಿರಬಾರದು. ಬಾಯಿಮಾತಿನಲ್ಲಿ ಹೇಳಿದ್ದರೆ, ಅಥವಾ ಕರಾರು ಮುಗಿಯಲು 50 ದಿನವಷ್ಟೇ ಉಳಿದಾಗ ಕಾಗದ ಕಳಿಸಿದ್ದರೆ, ಹಕ್ಕು ಕೈತಪ್ಪಿದಂತೆಯೇ.

ಪ್ರಶ್ನೆ: ದೊಡ್ಡ ಮೊತ್ತಕ್ಕೆ ಮಾರಾಟವಾದ ಡಿಫೆಂಡರ್‌ನ ಬಾಲ್ಯದ ಸಣ್ಣ ಕ್ಲಬ್ಬಿಗೂ ಪಾಲು ಇದೆಯೇ?

ಉತ್ತರ: ಇದೆ. ಕರಾರಿನ ಮಧ್ಯೆ ಆಟಗಾರ ಮಾರಾಟವಾದರೆ ಮೊತ್ತದ ಶೇ 5ರಷ್ಟನ್ನು ಅವನನ್ನು 12ರಿಂದ 23ನೇ ಹುಟ್ಟುಹಬ್ಬದ ಋತುಗಳವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. ಮೊದಲ ನಾಲ್ಕು ಋತುಗಳಿಗೆ ತಲಾ ಶೇ 0.25, ಉಳಿದ ಎಂಟಕ್ಕೆ ತಲಾ ಶೇ 0.5. 4 ಕೋಟಿ ಯೂರೊ ವ್ಯವಹಾರದಲ್ಲಿ, 12ರಿಂದ 15ರವರೆಗೆ ಹುಡುಗನನ್ನು ಇಟ್ಟುಕೊಂಡಿದ್ದ ಕ್ಲಬ್ಬಿಗೆ ಋತುವಿಗೆ 1 ಲಕ್ಷದಂತೆ 4 ಲಕ್ಷ ಯೂರೊ. ಪ್ಯಾರಿಸ್ ಹೊರವಲಯದ ಹವ್ಯಾಸಿ ಕ್ಲಬ್ಬಿಗೆ ಅದು ಸಣ್ಣ ಹಣವಲ್ಲ.

2020ರ ಜುಲೈಗೆ ಮೊದಲು ಇದರಲ್ಲೊಂದು ತೂತಿತ್ತು. ಎರಡು ಜರ್ಮನ್ ಕ್ಲಬ್‌ಗಳ ನಡುವಿನ ಮಾರಾಟಕ್ಕೆ ಫೀಫಾದ ಈ ನಿಯಮ ತಾಗುತ್ತಿರಲಿಲ್ಲ, ಆಟಗಾರ ಫ್ರಾನ್ಸಿನಲ್ಲಿ ಬೆಳೆದಿದ್ದರೂ ಅಷ್ಟೇ. ಈಗ ತರಬೇತಿ ಕೊಟ್ಟ ಕ್ಲಬ್ ಬೇರೆ ದೇಶದ್ದಾದರೆ ದೇಶದೊಳಗಿನ ಮಾರಾಟದಲ್ಲೂ ಅದಕ್ಕೆ ಪಾಲುಂಟು. 2021ರಲ್ಲಿ ಫ್ರೆಂಚ್ ಡಿಫೆಂಡರ್ ದಾಯೊ ಉಪಮೆಕಾನೊ ಲೈಪ್‌ಜಿಗ್‌ನಿಂದ ಬಯರ್ನ್ ಮ್ಯೂನಿಕ್‌ಗೆ ಹೋದದ್ದು ಇಂಥದೇ ವರ್ಗಾವಣೆ. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿರುವ ಫೀಫಾ ಕ್ಲಿಯರಿಂಗ್ ಹೌಸ್ ಈ ಹಣ ಹಂಚುತ್ತದೆ. ಅದು ನೋಡುವುದು ಆಟಗಾರನ ನೋಂದಣಿ ದಾಖಲೆ, ಅಂದರೆ ‘ಪ್ಲೇಯರ್ ಪಾಸ್‌ಪೋರ್ಟ್’. ಅದರಲ್ಲಿ ಒಂದು ಋತುವಿನ ನೋಂದಣಿ ಬಿಟ್ಟುಹೋಗಿದ್ದರೆ ಆ ಋತುವಿನ ಪಾಲೂ ತಪ್ಪುತ್ತದೆ. ಸಣ್ಣ ಕ್ಲಬ್‌ಗಳು ಪ್ರತಿ ವರ್ಷದ ಲೈಸೆನ್ಸ್ ಪ್ರತಿಯನ್ನು ಜೋಪಾನ ಮಾಡಬೇಕಾದದ್ದು ಅದಕ್ಕೇ.

ಪ್ರಶ್ನೆ: ಉಪಮೆಕಾನೊ 16ರಲ್ಲೇ ಆಸ್ಟ್ರಿಯಾಕ್ಕೆ ಹೋದರು. ಈಗ ಅದೇ ವಯಸ್ಸಿನ ಫ್ರೆಂಚ್ ಹುಡುಗ ಇಂಗ್ಲೆಂಡಿಗೆ ಹೋಗಬಹುದೇ?

ಉತ್ತರ: ಇಲ್ಲ. ಅಂತರರಾಷ್ಟ್ರೀಯ ವರ್ಗಾವಣೆಗೆ 18 ತುಂಬಿರಬೇಕು ಎಂಬುದು ಮೂಲ ನಿಯಮ. ಐರೋಪ್ಯ ಒಕ್ಕೂಟದೊಳಗೆ 16ರಿಂದ 18ರವರಿಗೆ ವಿನಾಯಿತಿ ಇದೆ, ಆದರೆ ಹೊಸ ಕ್ಲಬ್ ಒಳ್ಳೆಯ ತರಬೇತಿ, ಶಾಲಾ ಓದು, ವಸತಿ, ನೋಡಿಕೊಳ್ಳಲು ಒಬ್ಬ ಮಾರ್ಗದರ್ಶಿ ಇಷ್ಟನ್ನೂ ಖಾತರಿಪಡಿಸಬೇಕು. 2015ರಲ್ಲಿ ಉಪಮೆಕಾನೊ ವಲಾಂಸಿಯೆನ್‌ನಿಂದ ರೆಡ್ ಬುಲ್ ಸಾಲ್ಜ್‌ಬರ್ಗ್‌ಗೆ ಹೋಗಿ, ಮೊದಲು ಅದರ ಸಹ ತಂಡ ಲೀಫರಿಂಗ್‌ನಲ್ಲಿ ಎರಡನೇ ದರ್ಜೆಯ ಪಂದ್ಯಗಳನ್ನಾಡಿ ಪಳಗಿದರು. 2017ರ ಜನವರಿಯಲ್ಲಿ ಲೈಪ್‌ಜಿಗ್ ಸೇರುವಾಗ ಅವರಿಗೆ 18.

2021ರ ಜನವರಿಯಿಂದ ಬ್ರಿಟನ್ ಈ ವಿನಾಯಿತಿಯ ಹೊರಗಿದೆ. 18 ತುಂಬಿದ ಮೇಲೂ ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆಯ ಅನುಮೋದನೆಗೆ ಸಾಮಾನ್ಯವಾಗಿ 15 ಅಂಕ ಬೇಕು. ಲೀಗ್ ಪಂದ್ಯಗಳಲ್ಲಿ ಆಡಿದ ನಿಮಿಷ, ಯುರೋಪಿಯನ್ ಪಂದ್ಯಗಳು, ಕ್ಲಬ್ಬಿನ ಸ್ಥಾನ, ಲೀಗಿನ ದರ್ಜೆ ಇವುಗಳಿಂದ ಅಂಕ ಕೂಡುತ್ತದೆ. ಫ್ರಾನ್ಸಿನ ಲೀಗ್ 1 ಮೇಲಿನ ದರ್ಜೆಯಲ್ಲೇ ಇರುವುದರಿಂದ ಅಲ್ಲಿ ಕ್ರಮವಾಗಿ ಆಡಿದವನಿಗೆ ತೊಂದರೆಯಿಲ್ಲ. ದೊಡ್ಡ ಕ್ಲಬ್ಬಿನ ಬೆಂಚಿನಲ್ಲಿ ಕೂತವನಿಗೆ ತೊಂದರೆ. ಹಾಗಾಗಿ 17ರ ಹುಡುಗ ದೊಡ್ಡ ಹೆಸರಿನ ಮೀಸಲು ತಂಡಕ್ಕಿಂತ ಮಧ್ಯಮ ಕ್ಲಬ್ಬಿನ ಮುಖ್ಯ ತಂಡದಲ್ಲಿ ಆಡುವುದು ಲೇಸು.

ಪ್ರಶ್ನೆ: ಒಳ್ಳೆಯ ಡಿಫೆಂಡರ್‌ಗಳೂ ಹೊಸ ದೇಶದಲ್ಲಿ ಮೊದಲ ತಿಂಗಳುಗಳಲ್ಲಿ ತಡವರಿಸುವುದೇಕೆ?

ಉತ್ತರ: ಪ್ಯಾಟ್ರಿಸ್ ಎವ್ರಾ 2006ರ ಜನವರಿಯಲ್ಲಿ ಮೊನಾಕೊದಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮೊದಲ ಪಂದ್ಯ, ತಂಡ 3-1ರಿಂದ ಸೋತಿತು, ಎವ್ರಾರನ್ನು ವಿರಾಮಕ್ಕೇ ಹೊರಗೆ ಕರೆದರು. ಆಮೇಲೆ ಅವರು ಅಲ್ಲಿ 2014ರವರೆಗೂ ಆಡಿದರು. ಅಂದರೆ ಕೊರತೆ ಇದ್ದದ್ದು ಸಾಮರ್ಥ್ಯದಲ್ಲಲ್ಲ, ಹೊಂದಾಣಿಕೆಯಲ್ಲಿ.

ಸ್ಟ್ರೈಕರ್ ಒಬ್ಬನೇ ಓಡಿ ಗೋಲು ಹೊಡೆಯಬಹುದು. ಡಿಫೆಂಡರ್ ಹಾಗಲ್ಲ, ನಾಲ್ಕು ಜನ ಒಂದೇ ಗೆರೆಯಲ್ಲಿ ಒಟ್ಟಿಗೆ ಹಿಂದೆ ಮುಂದೆ ಸರಿಯಬೇಕು. ಒಬ್ಬ ಒಂದು ಹೆಜ್ಜೆ ತಡ ಮಾಡಿದರೆ ಆಫ್‌ಸೈಡ್ ಬಲೆ, ಅಂದರೆ ಎದುರಾಳಿಯನ್ನು ತಮ್ಮ ಗೆರೆಯ ಹಿಂದೆ ಬಿಟ್ಟು ನಿಯಮಬಾಹಿರ ಜಾಗದಲ್ಲಿ ಸಿಕ್ಕಿಸುವ ತಂತ್ರ, ಹರಿಯುತ್ತದೆ. ಆ ಸರಿದಾಟ ನಡೆಯುವುದು ಕೂಗಿನಿಂದ. ಬೆನ್ನ ಹಿಂದೆ ಎದುರಾಳಿ ಇದ್ದಾನೆ ಎನ್ನಲು ಫ್ರಾನ್ಸಿನಲ್ಲಿ ‘ದಾಂ ತೋಂ ದೊ’, ಇಂಗ್ಲೆಂಡಿನಲ್ಲಿ ‘ಮ್ಯಾನ್ ಆನ್’, ಇಟಲಿಯಲ್ಲಿ ‘ಊಮೊ’, ಜರ್ಮನಿಯಲ್ಲಿ ‘ಹಿಂಟರ್‌ಮಾನ್’. ಗೆರೆ ಮುಂದೆ ತಳ್ಳಲು ಇಂಗ್ಲೆಂಡಿನಲ್ಲಿ ‘ಸ್ಟೆಪ್ ಅಪ್’, ಇಟಲಿಯಲ್ಲಿ ‘ಸಾಲಿ’. ಅರ್ಥ ಗೊತ್ತಿದ್ದರೆ ಸಾಲದು, ಯೋಚಿಸದೆ ಕಾಲು ಕದಲಬೇಕು. ಇಂಥ ಇಪ್ಪತ್ತು ಕೂಗುಗಳನ್ನು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗುವ ಆಟಗಾರ ಬೇಗ ನೆಲೆಯೂರುತ್ತಾನೆ. ವ್ಯಾಕರಣ ಆಮೇಲೆ ಕಲಿತರಾಯಿತು.

ಜಾಗ ಬದಲಾಗುವುದು ಇನ್ನೊಂದು ತೊಡಕು. ಸೆವಿಯಾದಲ್ಲಿ ನಡು ಡಿಫೆಂಡರ್ ಆಗಿದ್ದ ಜೂಲ್ಸ್ ಕುಂಡೆ ಬಾರ್ಸಿಲೋನಾದಲ್ಲಿ ಬಲ ಬದಿಗೆ ಸರಿದರು. ಮಾರ್ಸೆಯಲ್ಲಿ ನಡು ಡಿಫೆಂಡರ್ ಆಗಿದ್ದ ಮಾರ್ಸೆಲ್ ಡೆಸಾಯಿ ಮಿಲಾನ್‌ನಲ್ಲಿ ಮಿಡ್‌ಫೀಲ್ಡ್‌ಗೆ ಹೋಗಿ 1994ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲು ಹೊಡೆದರು. ನಡುವಿನಿಂದ ಬದಿಗೆ ಬಂದವನಿಗೆ ಒಂದು ಕಡೆ ಗೆರೆಯೇ ಗೋಡೆಯಾಗುತ್ತದೆ, ದೇಹ ತಿರುಗಿಸುವ ಕೋನ ಬದಲಾಗುತ್ತದೆ, ವೇಗದ ಓಟಗಳ ಸಂಖ್ಯೆ ಹೆಚ್ಚುತ್ತದೆ. ತೊಡೆಯ ಹಿಂಭಾಗದ ಸ್ನಾಯುವನ್ನು ಅದಕ್ಕೆ ತಯಾರು ಮಾಡದಿದ್ದರೆ ಗಾಯ ಕಟ್ಟಿಟ್ಟ ಬುತ್ತಿ.

ಪ್ರಶ್ನೆ: ಕೊಂಡ ಕ್ಲಬ್ಬೇ ಆಟಗಾರನನ್ನು ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ ಎರವಲಾಗಿ, ಹೊರಗೆ ಕಳಿಸುವುದು ಅವಮಾನವಲ್ಲವೇ?

ಉತ್ತರ: ವಿಲಿಯಂ ಸಲಿಬಾರನ್ನು ನೋಡಿ. 2019ರಲ್ಲಿ ಆರ್ಸೆನಲ್ ಕೊಂಡಿತು. ಹಳೆಯ ಕ್ಲಬ್ ಸಾಂತ್-ಎತಿಯೆನ್‌ಗೇ ಮರಳಿ ಲೋನ್, 2021ರ ಜನವರಿಯಲ್ಲಿ ನೀಸ್, ಮುಂದಿನ ಋತು ಪೂರ್ತಿ ಮಾರ್ಸೆ. ಆರ್ಸೆನಲ್ ಪರ ಲೀಗಿನಲ್ಲಿ ಮೊದಲು ಆಡಿದ್ದು 2022ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಅವರು ಫ್ರಾನ್ಸ್ ತಂಡಕ್ಕೂ ಬಂದಾಗಿತ್ತು. ನಷ್ಟವಾದದ್ದು ಲೋನ್‌ನಲ್ಲಿ ಕಳೆದ ದಿನಗಳಲ್ಲ, 2020ರ ಶರತ್ಕಾಲದಲ್ಲಿ ಲೋನೂ ಇಲ್ಲದೆ ಆಟವೂ ಇಲ್ಲದೆ ಲಂಡನ್‌ನಲ್ಲಿ ಕಳೆದ ತಿಂಗಳುಗಳು. ಲೋನ್ ಕಾಗದದಲ್ಲಿ ಸಂಬಳ ಯಾರು ಎಷ್ಟು ಪಾಲು ಕೊಡುತ್ತಾರೆ, ಮಧ್ಯದಲ್ಲಿ ವಾಪಸ್ ಕರೆಸಿಕೊಳ್ಳಬಹುದೇ, ಗಾಯವಾದರೆ ಚಿಕಿತ್ಸೆ ಯಾರ ವೈದ್ಯರದು ಎಂಬ ಮೂರು ಸಾಲುಗಳನ್ನು ಮೊದಲು ಓದಬೇಕು. ಲೋನ್ ಒಂದು ವರ್ಷ ಮೀರುವಂತಿಲ್ಲ, ಲೋನ್ ಪಡೆದ ಕ್ಲಬ್ ಮತ್ತೊಬ್ಬರಿಗೆ ಕೊಡುವಂತಿಲ್ಲ.

ಪ್ರಶ್ನೆ: ಸಹಿ ಆಗಿದೆ, ಹಣ ಪಾವತಿಯಾಗಿದೆ, ಆದರೂ ಆಟಗಾರ ಗ್ಯಾಲರಿಯಲ್ಲಿ ಕೂತಿರುತ್ತಾನೆ. ಹೇಗೆ?

ಉತ್ತರ: ನೋಂದಣಿ ಎರಡು ಹಂತದ್ದು. ಮೊದಲು ಎರಡೂ ಕ್ಲಬ್‌ಗಳು ಫೀಫಾದ ಟಿಎಂಎಸ್ ಎಂಬ, ವರ್ಗಾವಣೆಯ ವಿವರ ತಾಳೆ ನೋಡುವ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದೇ ವಿವರಗಳನ್ನು ತುಂಬಿ, ಕರಾರು, ವರ್ಗಾವಣೆ ಒಪ್ಪಂದ, ಗುರುತಿನ ದಾಖಲೆ ಏರಿಸಬೇಕು. ಬಳಿಕ ಹೊಸ ದೇಶದ ಫೆಡರೇಷನ್ ಹಳೆಯ ಫೆಡರೇಷನ್‌ನಿಂದ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೇಳುತ್ತದೆ. ಕಂತಿನ ದಿನಾಂಕವೊಂದು ಹೊಂದದಿದ್ದರೂ ವ್ಯವಸ್ಥೆ ಮುಂದೆ ಹೋಗುವುದಿಲ್ಲ, ಕೊನೆಯ ದಿನ ರಾತ್ರಿ ತಿದ್ದಲು ಸಮಯವೂ ಇರುವುದಿಲ್ಲ.

ಎರಡನೆಯದು ಲೀಗಿನ ಬಾಗಿಲು. ಸ್ಪೇನಿನ ಲಾ ಲಿಗಾ ಪ್ರತಿ ಕ್ಲಬ್ಬಿಗೆ ತಂಡದ ವೆಚ್ಚದ ಮಿತಿ ಹಾಕುತ್ತದೆ. 2022ರಲ್ಲಿ ಬಾರ್ಸಿಲೋನಾ ಕುಂಡೆಯವರನ್ನು ಕೊಂಡರೂ ಆ ಮಿತಿಯೊಳಗೆ ಜಾಗ ಮಾಡಿಕೊಳ್ಳುವುದು ತಡವಾಗಿ, ಲೀಗಿನ ಮೊದಲ 2 ಪಂದ್ಯಗಳಿಗೆ ಅವರು ಇರಲಿಲ್ಲ. ಇಂಥ ಕ್ಲಬ್ಬಿಗೆ ಹೋಗುವವರು ‘ಇಂತಿಷ್ಟು ದಿನದೊಳಗೆ ನೋಂದಣಿ ಆಗದಿದ್ದರೆ ನಾನು ಸ್ವತಂತ್ರ’ ಎಂಬ ಷರತ್ತನ್ನು ಸಹಿಗೆ ಮೊದಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ.

ಪ್ರಶ್ನೆ: ಸಂಬಳ ನಿಂತರೆ, ಅಥವಾ ಆಡಿಸದೇ ಇದ್ದರೆ ಕರಾರು ಮುರಿಯಬಹುದೇ?

ಉತ್ತರ: ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್ಬಿಗೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ಆಗಲೂ ಬಾರದಿದ್ದರೆ ಕರಾರು ಮುರಿದು ಫೀಫಾದ ವ್ಯಾಜ್ಯ ಪರಿಹಾರ ಮಂಡಳಿಗೆ ಹೋಗಬಹುದು. ಸಿಟ್ಟಿನಲ್ಲಿ ನೋಟಿಸ್ ಇಲ್ಲದೇ ಊರು ಬಿಟ್ಟರೆ ತಪ್ಪು ಆಟಗಾರನ ತಲೆಗೆ ಬರುವ ಅಪಾಯವಿದೆ. ಆಡಿಸದಿದ್ದರೆ ದಾರಿ ಕಿರಿದು: ಋತುವಿನ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಆಡಿದ್ದರೆ ಮಾತ್ರ, ಅದೂ ಕ್ಲಬ್ಬಿನ ಕೊನೆಯ ಪಂದ್ಯದ ನಂತರ 15 ದಿನಗಳೊಳಗೆ. ಆಗಲೂ ಪರಿಹಾರ ಕೊಡಬೇಕಾಗಿ ಬರಬಹುದು.

ಪ್ರಶ್ನೆ: ಫ್ರಾನ್ಸ್ ಪರ ಆಡುವಾಗ ಗಾಯವಾದರೆ ವಿದೇಶಿ ಕ್ಲಬ್ ಸಂಬಳ ಕೊಡುತ್ತದೆಯೇ?

ಉತ್ತರ: ಕೊಡುತ್ತದೆ, ಮತ್ತು ಅದರ ಒಂದು ಭಾಗ ಕ್ಲಬ್ಬಿಗೆ ಮರಳಿ ಬರುತ್ತದೆ. ಆಗ ಬಯರ್ನ್‌ನಲ್ಲಿದ್ದ ಲೂಕಾಸ್ ಹರ್ನಾಂಡೆಜ್ 2022ರ ನವೆಂಬರ್ 22ರಂದು ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಬಲ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಇಂಥವಕ್ಕೆಂದೇ ಫೀಫಾದ ಕ್ಲಬ್ ರಕ್ಷಣಾ ಯೋಜನೆ ಇದೆ. ಮೊದಲ 28 ದಿನ ಕ್ಲಬ್ಬಿನ ಹೊರೆ, ಆಮೇಲೆ ದಿನಕ್ಕೆ ಗರಿಷ್ಠ 20,548 ಯೂರೊ, 365 ದಿನಗಳವರೆಗೆ, ಒಟ್ಟು 75 ಲಕ್ಷ ಯೂರೊ ಮೀರದಂತೆ. ಲೆಕ್ಕಕ್ಕೆ ಬರುವುದು ನಿಗದಿತ ಸಂಬಳ ಮಾತ್ರ, ಪಂದ್ಯದ ಬೋನಸ್ ಅಲ್ಲ. ಕ್ಲಬ್ ಪಂದ್ಯದ ಗಾಯಕ್ಕೆ ಈ ಯೋಜನೆ ಇಲ್ಲ: ಲೊರಾಂ ಕೊಸಿಯೆಲ್ನಿ 2018ರ ಮೇ ತಿಂಗಳಲ್ಲಿ ಆರ್ಸೆನಲ್ ಪರ ಆಡುತ್ತಾ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ವಿಶ್ವಕಪ್ ಕಳೆದುಕೊಂಡರು, ಮೈದಾನಕ್ಕೆ ಮರಳಿದ್ದು ಡಿಸೆಂಬರ್‌ನಲ್ಲಿ. ಆಟಗಾರನ ಆದಾಯದ ದೊಡ್ಡ ಭಾಗ ಪಂದ್ಯದ ಬೋನಸ್ ಆಗಿದ್ದರೆ, ಗಾಯದ ಕಾಲಕ್ಕೆಂದು ಅವನೇ ಬೇರೆ ವಿಮೆ ಮಾಡಿಸಿಕೊಂಡಿರಬೇಕು.