ಕ್ಯಾಮ್ ಸ್ಪ್ರಾಕೆಟ್ ಒಂದು ಹಲ್ಲು ಮುಂದೆ ಹಾಕಿದರೆ ಪವರ್ ಜಾಸ್ತಿ ಆಗುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: 150 ಸಿಸಿ ಬೈಕು, 60 ಸಾವಿರ ಕಿಲೋಮೀಟರ್ ಓಡಿದೆ, ಚೋರ್ಲಾ ಘಾಟಿನಲ್ಲಿ ಡಬಲ್ ಸೀಟ್ ಎಳೆಯುತ್ತಿಲ್ಲ. ಕ್ಯಾಮ್ ಸ್ಪ್ರಾಕೆಟ್ (ವಾಲ್ವ್ ತೆರೆಸುವ ಕ್ಯಾಮ್ ದಂಡವನ್ನು ಚೈನಿನಿಂದ ತಿರುಗಿಸುವ ಹಲ್ಲುಚಕ್ರ) ಒಂದು ಹಲ್ಲು ಮುಂದೆ ಹಾಕಿದರೆ ಪಿಕಪ್ ಬರುತ್ತದೆ ಅಂತ ಯಾರೋ ಹೇಳಿದ್ದಾರೆ. ಹಾಕಿಸಲೇ?

ಬೇಡ. ನಾನು ಹಾಕಿ ನೋಡಿದವನು. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸ ಕಲಿಯುತ್ತಿದ್ದಾಗ, ಒಂದು ಭಾನುವಾರ ನನ್ನದೇ ಗಾಡಿಯ ಹೆಡ್ ಕವರ್ ಬಿಚ್ಚಿ ಒಂದು ಹಲ್ಲು ಮುಂದೆ ಹಾಕಿದೆ. ಗಾಡಿ ನಿಂತಲ್ಲೇ ನಡುಗಿತು, ಕಾರ್ಬುರೇಟರ್ ಫಟ್ ಫಟ್ ಅಂತ ವಾಪಸ್ ಉಗುಳಿತು. ಮೂರನೇ ಗೇರಿಗೆ ಜೀವವೇ ಇಲ್ಲ. ವಾಲ್ವ್ ಬಾಗಲಿಲ್ಲ, ಅದೇ ಪುಣ್ಯ.

ಮರುದಿನ ನಮ್ಮ ಫಿಟ್ಟರ್ ಕಾಕಾ ಸೀಮೆಸುಣ್ಣದಲ್ಲಿ ನೆಲದ ಮೇಲೇ ಲೆಕ್ಕ ಬರೆದರು. ಸ್ಪ್ರಾಕೆಟ್‌ಗೆ 34 ಹಲ್ಲು ಇದ್ದರೆ, ಒಂದು ಹಲ್ಲು ಅಂದರೆ ಕ್ಯಾಮ್‌ನಲ್ಲಿ ಸುಮಾರು 10.6 ಡಿಗ್ರಿ. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ 21 ಡಿಗ್ರಿ! ಟ್ಯೂನ್ ಮಾಡುವವರು ಸಾಮಾನ್ಯವಾಗಿ ಆಡುವುದು 2ರಿಂದ 4 ಡಿಗ್ರಿ.

ದಿಕ್ಕು ಮಾತ್ರ ನಿಮಗೆ ಸರಿಯಾಗಿಯೇ ಹೇಳಿದ್ದಾರೆ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ಹೊರಟ ಮೇಲೂ ಗಾಳಿ ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಜೋರು ಓಟದಲ್ಲಿ ಗಾಳಿ ತನ್ನ ವೇಗಕ್ಕೇ ಒಳಗೆ ನುಗ್ಗುತ್ತಿರುತ್ತದೆ, ಅದಕ್ಕೆ ಈ ಸಮಯ ಬೇಕು. ನಿಧಾನ ಓಟದಲ್ಲಿ ಅದೇ ಗಾಳಿಯನ್ನು ಪಿಸ್ಟನ್ ಹೊರಗೆ ತಳ್ಳಿಬಿಡುತ್ತದೆ. ಕ್ಯಾಮ್ ಮುಂದೆ ಮಾಡಿದರೆ ವಾಲ್ವ್ ಬೇಗ ಮುಚ್ಚುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬರುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಎಳೆತ ಕಳೆದುಹೋಗುತ್ತದೆ. ಹಿಂದೆ ಮಾಡಿದರೆ ಉಲ್ಟಾ. ಪುಕ್ಕಟೆ ಪವರ್ ಏನೂ ಸಿಗುವುದಿಲ್ಲ. ಒಂದೇ ಕ್ಯಾಮ್ ಇರುವ ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಟೈಮಿಂಗ್ ಕೂಡ ಜೊತೆಗೇ ಸರಿಯುತ್ತದೆ, ಅದೊಂದು ತಾಪತ್ರಯ.

ಆದರೆ ನನಗೆ ಅನುಮಾನ ಬೇರೆ ಕಡೆ ಇದೆ. ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ, 60 ಸಾವಿರ ಓಡಿದ ಟೈಮಿಂಗ್ ಚೈನ್ ಬದಲಿಸಿದ್ದೀರಾ? ಚೈನ್ ಸವೆದು ಉದ್ದವಾದರೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸಡಿಲವನ್ನು ಎಳೆದುಕೊಳ್ಳುತ್ತದೆ, ಸದ್ದೂ ಜಾಸ್ತಿ ಬರಲಿಕ್ಕಿಲ್ಲ. ಆದರೆ ಕ್ಯಾಮ್ ಕೆಲವು ಡಿಗ್ರಿ ಹಿಂದೆ ಬಿದ್ದಿರುತ್ತದೆ. ಘಾಟಿನಲ್ಲಿ ಕಾಣೆಯಾಗುವುದು ಅದೇ ಎಳೆತ. "ಕ್ಯಾಮ್ ಮುಂದೆ ಮಾಡಿದೆ, ಗಾಡಿ ಹಾರಿತು" ಅನ್ನುವವರಲ್ಲಿ ಎಷ್ಟೋ ಜನ ಕಂಪನಿ ಸೆಟ್ಟಿಂಗಿಗೆ ವಾಪಸ್ ಬಂದಿರುತ್ತಾರೆ, ಅಷ್ಟೇ. ಮೊದಲು ಹೊಸ ಚೈನ್, ಸ್ಪ್ರಾಕೆಟ್ ಹಾಕಿಸಿ. ತಣ್ಣಗಿದ್ದಾಗ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದು) ನೋಡಿಸಿ, ಕಂಪ್ರೆಷನ್ ಚೆಕ್ ಮಾಡಿಸಿ.

ಆಮೇಲೂ ಹುಚ್ಚು ಬಿಡದಿದ್ದರೆ, ಸ್ಪ್ರಾಕೆಟ್‌ನ ಬೋಲ್ಟ್ ತೂತನ್ನು ಉದ್ದ ಮಾಡಿಸಬೇಕು. ತೂತು ನಡುವಿನಿಂದ 15 ಮಿ.ಮೀ. ದೂರ ಇದ್ದರೆ, ಕ್ರ್ಯಾಂಕ್‌ನ 4 ಡಿಗ್ರಿಗೆ ಸರಿಸಬೇಕಾದದ್ದು ಬರೀ ಅರ್ಧ ಮಿ.ಮೀ. ಕಣ್ಣಳತೆಗೆ ಸಿಗುವ ಕೆಲಸ ಅಲ್ಲ. ಕ್ರ್ಯಾಂಕ್ ಎಷ್ಟು ತಿರುಗಿತು ಅಂತ ತೋರಿಸುವ ಡಿಗ್ರಿ ಚಕ್ರ, ವಾಲ್ವ್ ಎಷ್ಟು ಸರಿಯಿತು ಅಂತ ಅಳೆಯುವ ಡಯಲ್ ಗೇಜ್ ಬೇಕೇ ಬೇಕು. ಟಾಪ್, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗ, ಹುಡುಕಲು ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು, ಅದರಲ್ಲಿ ಬೋಲ್ಟ್ ಕೂರಿಸಿ ಸ್ಟಾಪರ್ ಮಾಡಿಕೊಳ್ಳಬಹುದು. ಕ್ರ್ಯಾಂಕನ್ನು ಎರಡೂ ಕಡೆಯಿಂದ ತಿರುಗಿಸಿ, ಪಿಸ್ಟನ್ ತಾಗಿದ ಎರಡು ಗುರುತುಗಳ ನಡು ಹಿಡಿದರೆ ನಿಜವಾದ ಟಾಪ್ ಸಿಗುತ್ತದೆ.

ಕ್ಯಾಮ್ ಮುಂದೆ ಹೋದಷ್ಟೂ ಇನ್‌ಲೆಟ್ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ. ಪಿಸ್ಟನ್ ಮೇಲೆ ಜೇಡಿಮಣ್ಣಿನ ಪದರ ಇಟ್ಟು, ಹೆಡ್ ಬಿಗಿದು, ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ಮಣ್ಣು ಎಷ್ಟು ಉಳಿದಿದೆ ಅಂತ ಅಳೆಯಿರಿ. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಪಾನಾದಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ.

ಚೈನ್ ಬದಲಿಸಿದ ಮೇಲೆ ಘಾಟಿನಲ್ಲಿ ಹೇಗೆ ಓಡಿತು ಅಂತ ಇಲ್ಲೇ ಬರೆಯಿರಿ.