ಗ್ರಿಪ್ ಹೊಸದರ ಹಾಗೇ ಇದ್ದರೂ ಟೈರ್ ಬಿರಿಯುವುದು ಯಾಕೆ?

ಹೊಸನಗರದ ಕಡೆಯ ಅಣ್ಣ ಒಬ್ಬರು ಕೇಳಿದ್ದಾರೆ: ಟಿಲ್ಲರ್ ಟ್ರಾಲಿಯ ಟೈರ್ ಗ್ರಿಪ್ ಸವೆದೇ ಇಲ್ಲ, ಓಡಿದ್ದೂ ಕಡಿಮೆ, ಆದರೂ ಪಕ್ಕದಲ್ಲೆಲ್ಲ ಬಿರುಕು. ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನ ಮುಖವೇ ಕಾಣದ ನಮ್ಮೂರಲ್ಲಿ ಇದು ಹೇಗೆ? ಆ ಪ್ರಶ್ನೆಗೆ ಉತ್ತರವಾಗಿ ಕೆಲವರು ಸೀಮೆಎಣ್ಣೆ ಒರೆಸಿ ಅಂದಿದ್ದಾರೆ, ಇನ್ನು ಕೆಲವರು ಪಾಲಿಶ್ ಹಚ್ಚಿ ಅಂದಿದ್ದಾರೆ. ಅಣ್ಣಾ, ಎರಡನ್ನೂ ಮಾಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ತೋಟದ ಗಾಡಿಗಳ ಟೈರ್ ಸವೆದು ಹೋಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ.

ಬಿಸಿಲು ಒಂದೇ ಕಾರಣ ಅಲ್ಲ. ಗಾಳಿಯಲ್ಲಿ ಓಝೋನ್ ಅನ್ನುವ ಅನಿಲ ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಹತ್ತು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಇದ್ದರೂ ಅದು ರಬ್ಬರನ್ನು ಕತ್ತರಿಸುತ್ತದೆ. ರಬ್ಬರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಅದರ ಕೊಂಡಿಗಳಲ್ಲಿ ಕೆಲವನ್ನು ಓಝೋನ್ ಸುಲಭವಾಗಿ ಮುರಿಯುತ್ತದೆ. ಆದರೆ ಒಂದು ವಿಷಯ ಗಮನಿಸಿ. ಓಝೋನಿನಿಂದ ಬಿರುಕು ಬೀಳಬೇಕಾದರೆ ರಬ್ಬರ್ ಎಳೆತದಲ್ಲಿ ಇರಬೇಕು. ಎಳೆತ ಇಲ್ಲದ ರಬ್ಬರಿನ ಮೇಲ್ಮೈ ಮಾತ್ರ ಸ್ವಲ್ಪ ಕೆಡುತ್ತದೆ, ಬಿರಿಯುವುದಿಲ್ಲ. ಭಾರ ಹೊತ್ತು ಗಾಳಿ ಇಳಿದ ಟೈರ್ ನೋಡಿ, ಕೆಳಗಡೆ ಪಕ್ಕ ಉಬ್ಬಿಕೊಂಡಿರುತ್ತದೆ ಅಲ್ವಾ? ಅಲ್ಲಿ ರಬ್ಬರ್ ಹಗಲು ರಾತ್ರಿ ಎಳೆದುಕೊಂಡೇ ಇರುತ್ತದೆ. ಬಿರುಕು ಶುರುವಾಗುವುದು ಅಲ್ಲೇ. ಎಳೆತ ಯಾವ ಕಡೆಗೋ ಅದಕ್ಕೆ ಅಡ್ಡವಾಗಿ ಗೆರೆಗಳು ಬೀಳುತ್ತವೆ. ಬಿಸಿಲಿನಿಂದ ಆದ ಬಿರುಕು ಹಾಗಲ್ಲ. ಬತ್ತಿದ ಕೆರೆಯ ತಳದ ಹಾಗೆ ದಿಕ್ಕುದೆಸೆ ಇಲ್ಲದೆ ಸಣ್ಣ ಬಲೆಯಂತೆ ಹರಡುತ್ತದೆ. ಹೆಚ್ಚಿನ ಹಳೆ ಟೈರುಗಳಲ್ಲಿ ಎರಡೂ ಇರುತ್ತವೆ.

ಇದು ಟೈರ್ ಮಾಡುವವರಿಗೂ ಗೊತ್ತಿದೆ. ಅದಕ್ಕೇ ರಬ್ಬರಿಗೆ ಮೇಣ ಮತ್ತು ಓಝೋನ್ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ಬಿಸಿಲಿನ ಕಿರಣ ತಡೆಯಲು ಕಾರ್ಬನ್ ಮಸಿ ಇರುತ್ತದೆ, ಟೈರ್ ಕಪ್ಪಗಿರುವುದೇ ಅದರಿಂದ. ಈ ಮೇಣ ಮತ್ತು ರಾಸಾಯನಿಕ ಒಳಗಿನಿಂದ ನಿಧಾನವಾಗಿ ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟುತ್ತವೆ. ಗಾಡಿ ಓಡುವಾಗ ಟೈರ್ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಆಗ ಅದು ಚೆನ್ನಾಗಿ ಮೇಲೆ ಬರುತ್ತದೆ. ಗಾಡಿ ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ನಿಂತರೆ ಮೇಲಿನ ಪದರ ಮುಗಿಯುತ್ತಾ ಹೋಗುತ್ತದೆ, ಹೊಸದು ಸಾಲುವುದಿಲ್ಲ. ಹಾಗಾಗಿ ನೀವು ಬರೆದ 'ಓಡಿದ್ದು ಕಡಿಮೆ' ಅನ್ನುವುದು ಇಲ್ಲಿ ಒಳ್ಳೆಯ ಸುದ್ದಿ ಅಲ್ಲ, ಕಾರಣದ ಒಂದು ಭಾಗವೇ ಅದು.

ಈಗ ಸೀಮೆಎಣ್ಣೆ ವಿಷಯ. ಸೀಮೆಎಣ್ಣೆ, ಡೀಸೆಲ್, ಸುಟ್ಟ ಆಯಿಲ್ ಒರೆಸಿದರೆ ಟೈರ್ ಕಪ್ಪಗೆ ಮಿರಿಮಿರಿ ಅನ್ನುತ್ತದೆ ನಿಜ. ಆದರೆ ಆ ಕಾಪಾಡುವ ಪದರವನ್ನೇ ಅವು ಕರಗಿಸಿ ತೆಗೆಯುತ್ತವೆ, ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಪೆಟ್ರೋಲಿಯಂ ಎಣ್ಣೆ ಇರುವ ಪಾಲಿಶ್ ಕೂಡ ಹಾಗೇ. ಹಚ್ಚಲೇಬೇಕು ಅನಿಸಿದರೆ ನೀರಿನಲ್ಲಿ ಕಲಸಿದ್ದು ತಗೊಳ್ಳಿ. ನನ್ನನ್ನು ಕೇಳಿದರೆ ಅದೂ ಬೇಡ, ನೀರು ಮತ್ತು ಸ್ವಲ್ಪ ಸೋಪು ಸಾಕು. ಟೈರ್ ಪಕ್ಕದಲ್ಲಿ ಕಂದು ಬಣ್ಣ ಕಂಡರೆ ಕೊಳೆ ಅಂತ ತಿಕ್ಕಿ ತಿಕ್ಕಿ ತೆಗೆಯುವವರಿದ್ದಾರೆ. ಎಷ್ಟೋ ಸಲ ಅದು ಒಳಗಿಂದ ಬಂದ ಆ ರಾಸಾಯನಿಕವೇ. ಸುಮ್ನೆ ಬಿಡಿ.

ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದ್ದು ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ಔಷಧಿ. ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಯುವಾಗ ಡ್ರಮ್ಮು, ಪಂಪು ಎಲ್ಲ ಟ್ರಾಲಿಯಲ್ಲೇ ಹೋಗುತ್ತದೆ. ಮೈಲುತುತ್ತಿನ ನೀರು ಚೆಲ್ಲಿ ಟೈರಿನ ಮೇಲೆ ಒಣಗುತ್ತದೆ. ಮೈಲುತುತ್ತಿನಲ್ಲಿರುವ ತಾಮ್ರ ರಬ್ಬರಿಗೆ ಆಗುವುದಿಲ್ಲ. ಗಾಳಿಯ ಆಮ್ಲಜನಕ ರಬ್ಬರನ್ನು ಕೆಡಿಸುವ ಕೆಲಸವನ್ನು ತಾಮ್ರ ಜೋರು ಮಾಡುತ್ತದೆ. ರಬ್ಬರ್ ತೋಟ ಇರುವವರಿಗೆ ಇದು ಹೊಸತಲ್ಲ. ಮರಗಳಿಗೆ ತಾಮ್ರದ ಔಷಧಿ ಹೊಡೆಯುವ ಮೊದಲು ರಬ್ಬರ್ ಹಾಲು ಹಿಡಿಯುವ ಬಟ್ಟಲು ಮಗುಚಿ ಇಡಿ ಅಂತ ಹೇಳುವುದು ಈ ಕಾರಣಕ್ಕೇ. ಟೈರಿನಲ್ಲಿ ಮಸಿ, ರಾಸಾಯನಿಕ ಎಲ್ಲ ಇರುವುದರಿಂದ ಒಂದೇ ದಿನಕ್ಕೆ ಏನೂ ಆಗುವುದಿಲ್ಲ. ಆದರೂ ಔಷಧಿ ಹೊಡೆದ ಸಂಜೆಯೇ ಟೈರಿಗೆ ಚೆನ್ನಾಗಿ ನೀರು ಹಾಕಿ. ಪಂಪಿನ ಹೋಸು, ವಾಷರಿಗೂ ಇದೇ ಮಾತು.

ಗಾಳಿ ಒತ್ತಡದ ಬಗ್ಗೆ ಒತ್ತಿ ಹೇಳಬೇಕು. ಬಿರುಕಿನ ವಿಷಯದಲ್ಲಿ ನಮ್ಮ ಕೈಯಲ್ಲಿ ಇರುವುದರಲ್ಲಿ ಇದೇ ದೊಡ್ಡದು. ಗದ್ದೆ ಕೆಲಸಕ್ಕೆ ಅಂತ ಟ್ರ್ಯಾಕ್ಟರ್ ಟೈರಿನ ಗಾಳಿ ಕಡಿಮೆ ಮಾಡುತ್ತೇವೆ, ಹಿಡಿತ ಚೆನ್ನಾಗಿ ಸಿಗುತ್ತದೆ. ಆಮೇಲೆ ಅದೇ ಗಾಳಿಯಲ್ಲಿ ಟ್ರಾಲಿ ತುಂಬ ಗೊಬ್ಬರವೋ ಜಂಬಿಟ್ಟಿಗೆಯೋ ಹೇರಿಕೊಂಡು ಟಾರು ರಸ್ತೆಗೆ ಬರುತ್ತೇವೆ. ಪ್ರತಿ ಸುತ್ತಿಗೂ ಪಕ್ಕದ ರಬ್ಬರ್ ಮಡಚುತ್ತದೆ, ಒಳಗೆ ಬಿಸಿ ಏರುತ್ತದೆ, ರಬ್ಬರಿನೊಳಗೆ ಬಲಕ್ಕೆ ಅಂತ ಹಾಕಿದ ನೂಲು ದಣಿಯುತ್ತದೆ. ಗದ್ದೆಗೆ ಎಷ್ಟು, ರಸ್ತೆಗೆ ಎಷ್ಟು, ಭಾರ ಇದ್ದಾಗ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಅದನ್ನು ನೋಡಿಯೇ ಹಾಕಿ, ಕಾಲಿನಲ್ಲಿ ಒದ್ದು ನೋಡಿ ಸಾಕು ಅನ್ನಬೇಡಿ. ಒಂದು ಗೇಜ್ ಮನೆಯಲ್ಲೇ ಇರಲಿ. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಬೇಕು. ನಿಂತ ಗಾಡಿಯಲ್ಲೂ ತಿಂಗಳಿಗೆ ಒಂದೆರಡು ಪೌಂಡು ತಾನಾಗಿಯೇ ಇಳಿಯುತ್ತದೆ. ಮಳೆ ಹಿಡಿದು ಚಳಿಯಾದಾಗ ಇನ್ನೂ ಸ್ವಲ್ಪ ಇಳಿಯುತ್ತದೆ.

ತುಂಬಾ ದಿನ ನಿಲ್ಲಿಸುವುದಿದ್ದರೆ ಟ್ರಾಲಿ ಖಾಲಿ ಮಾಡಿ ನಿಲ್ಲಿಸಿ. ಸೌದೆ ತುಂಬಿಸಿಟ್ಟು ಮಳೆಗಾಲ ಕಳೆಯಬೇಡಿ. ಸಾಧ್ಯವಾದರೆ ಜಾಕ್ ಕೊಟ್ಟು ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಭಾರ ಇಳಿದರೆ ಎಳೆತವೂ ಇಳಿಯಿತು. ಎತ್ತಲು ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಓಡಿಸಿ. ಅದೂ ಆಗದಿದ್ದರೆ ಕನಿಷ್ಠ ಅರ್ಧ ಸುತ್ತು ಮುಂದೆ ತಳ್ಳಿ. ಗಂಜಳ, ಆಯಿಲ್ ಹರಿದ ನೆಲದ ಮೇಲೆ ನಿಲ್ಲಿಸಬೇಡಿ, ಕೆಳಗೆ ಹಲಗೆ ಇರಲಿ. ಇನ್ನು ಫೆಬ್ರವರಿಯಿಂದ ಮೇ ತನಕ ನಮ್ಮ ಬಿಸಿಲೇನೂ ಕಡಿಮೆ ಅಲ್ಲ. ಅಂಗಳದಲ್ಲಿ ನಿಲ್ಲುವ ಜೀಪಿನಲ್ಲಿ ನೋಡಿ, ದಿನಾ ಬಿಸಿಲು ಬೀಳುವ ಕಡೆಯ ಟೈರೇ ಮೊದಲು ಬಿರಿದಿರುತ್ತದೆ. ಆ ಕಡೆಗೆ ಒಂದು ಟಾರ್ಪಾಲು ಇಳಿಬಿಟ್ಟರೂ ಸಾಕು.

ನಟ್ಟಿ ಸಮಯದಲ್ಲಿ ಟಿಲ್ಲರಿಗೆ ಕಬ್ಬಿಣದ ಗಾಲಿ ಹಾಕಿ ರಬ್ಬರ್ ಗಾಲಿ ಬಿಚ್ಚಿಡುತ್ತೇವಲ್ಲ, ಅವನ್ನು ಜಗಲಿಯ ಮೂಲೆಗೆ ಒರಗಿಸಿ ಮರೆಯಬೇಡಿ. ತೊಳೆದು, ಒಣಗಿಸಿ, ಬೆಳಕು ಬೀಳದ ತಂಪು ಜಾಗದಲ್ಲಿ ಮಲಗಿಸಿ ಇಡಿ. ಮೇಲೆ ಭಾರ ಹೇರಬೇಡಿ. ವೆಲ್ಡಿಂಗ್ ಮಾಡುವ ಜಾಗ, ಕಿಡಿ ಹಾರುವ ಬ್ರಶ್ ಮೋಟಾರ್ ಓಡುವ ಜಾಗದಿಂದ ದೂರ ಇರಲಿ. ಕರೆಂಟಿನ ಕಿಡಿ ಇದ್ದಲ್ಲಿ ಓಝೋನ್ ಹುಟ್ಟುತ್ತದೆ.

ಈಗ ನಿಮ್ಮ ಟೈರ್ ಇಡಬೇಕೋ ಬದಲಿಸಬೇಕೋ. ಮೊದಲು ಅದರ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. ಉದಾಹರಣೆಗೆ 3117 ಅಂದರೆ 2017ರ 31ನೇ ವಾರ ತಯಾರಾದದ್ದು. ಎಷ್ಟೋ ಸಲ ಅದು ಒಂದೇ ಪಕ್ಕದಲ್ಲಿ, ಒಳಮುಖವಾಗಿ ಇರುತ್ತದೆ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ. ಕಾರು, ಜೀಪಿಗೆ ಹತ್ತು ವರ್ಷ ಆಗಿದ್ದರೆ ಗ್ರಿಪ್ ಎಷ್ಟೇ ಇರಲಿ, ತೆಗೆಯಿರಿ. ಸ್ಟೆಪ್ನಿಗೂ ಅದೇ ಲೆಕ್ಕ. ಶಿವಮೊಗ್ಗದಲ್ಲಿ ಹಳೆ ಜೀಪು ಕೊಳ್ಳಲು ಹೋಗುವವರು ಇಂಜಿನ್ ಶಬ್ದ ಕೇಳುವಷ್ಟೇ ಗಮನ ಈ ಅಂಕಿಗೂ ಕೊಡಿ.

ಬಿರುಕು ಕೂದಲೆಳೆಯಷ್ಟು ಇದ್ದು, ಉಗುರು ಒಳಗೆ ಹೋಗದಿದ್ದರೆ, ಹೊಲ ಮನೆ ಮಧ್ಯೆ ನಿಧಾನ ಓಡುವ ಟ್ರಾಲಿಗೆ ಇನ್ನೂ ಸ್ವಲ್ಪ ಕಾಲ ನಡೆಯುತ್ತದೆ. ಆಗಾಗ ನೋಡುತ್ತಾ ಇರಿ. ಉಗುರು ಇಳಿಯುತ್ತದೆ, ಒಳಗಿನ ನೂಲು ಕಾಣುತ್ತದೆ, ರಿಮ್ಮಿಗೆ ತಾಗುವ ಅಂಚಿನಲ್ಲಿ ಸುತ್ತಲೂ ಬಿರಿದಿದೆ, ಎಲ್ಲೋ ಉಬ್ಬಿದೆ: ಇದರಲ್ಲಿ ಒಂದು ಇದ್ದರೂ ಆ ಟೈರ್ ಮುಗಿಯಿತು. ಟ್ಯೂಬ್ ಹೊಸದು ಹಾಕಿದರೆ, ಅಂಟು ತುಂಬಿಸಿದರೆ ಸರಿಹೋಗುವುದಿಲ್ಲ. ರೀಟ್ರೆಡ್ ಮಾಡಿಸಿದರೂ ಹೊಸದಾಗುವುದು ಮೇಲಿನ ಗ್ರಿಪ್ ಮಾತ್ರ, ಬಿರಿದ ಪಕ್ಕ ಹಳೆಯದೇ. ಅಂಥ ಟೈರಿನಲ್ಲಿ ಭಾರ ಹೇರಿ ಹುಲಿಕಲ್ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಇಳಿಯುವುದು ಬೇಡವೇ ಬೇಡ. ಬ್ರೇಕಿನ ಬಿಸಿ ರಿಮ್ಮಿಗೆ ಏರಿ, ಭಾರ ಮುಂದಕ್ಕೆ ಬಿದ್ದು, ತಿರುವಿನಲ್ಲಿ ಟೈರ್ ಸಿಡಿದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಟ್ರಾಲಿಯ ಮೇಲೆ ಆಳುಗಳೂ ಕೂತಿರುತ್ತಾರೆ.

ಅಣ್ಣಾ, ಬಿರುಕಿನ ಹತ್ತಿರದ ಫೋಟೋ ಒಂದು, ಆ ನಾಲ್ಕು ಅಂಕಿಯ ಫೋಟೋ ಒಂದು ಹಾಕಿ. ಟ್ರಾಲಿಯಲ್ಲಿ ಸಾಮಾನ್ಯವಾಗಿ ಎಷ್ಟು ಭಾರ ಹೇರುತ್ತೀರಿ ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.