ತೊಗರಿ ಕಾಯಿಯ ಅಂಟು, ಕಡಲೆ ಎಲೆಯ ಹುಳಿ

ಸೇಡಂ ತಾಲ್ಲೂಕಿನ ಓದುಗರೊಬ್ಬರ ಪತ್ರ: “ತೊಗರಿ ಹೂವಿಗೆ ಬಂದಾಗ ಟ್ರೈಕೋಗ್ರಾಮ ಕಾರ್ಡ್ ಕಟ್ಟಿದೆ. ಕಾಯಿಕೊರಕದ ಕೀಡಿ ಕಡಿಮೆ ಆಗಲಿಲ್ಲ. ಕಾರ್ಡ್ ನಕಲಿ ಇತ್ತೇನು? ಕಡಲೆಗೂ ಕಟ್ಟಬಹುದಾ?”

ಟ್ರೈಕೋಗ್ರಾಮ ಕಣಜಗಳು ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ಆ ಕಾರ್ಡ್ ಅಸಲಿಯೇ ಇದ್ದಿರಬಹುದು, ತೊಡಕು ಬೆಳೆಯ ಮೈಯಲ್ಲಿದೆ. ತೊಗರಿಯ ಎಳೆಗಾಯಿಯನ್ನು ಬೆರಳ ನಡುವೆ ಉಜ್ಜಿ ನೋಡಿ, ಜಿಗಿ ಹತ್ತುತ್ತದೆ. ಕಾಯಿಯ ಸಣ್ಣ ರೋಮಗಳು ಒಸರುವ ಅಂಟು ಅದು. ಟ್ರೈಕೋಗ್ರಾಮ ಕಣಜ ಸಾಸಿವೆ ಕಾಳಿಗಿಂತಲೂ ಸಣ್ಣದು, ಕಾಯಿಕೊರಕದ ಪತಂಗದ ಮೊಟ್ಟೆಯನ್ನು ಗಿಡದ ಮೇಲೆ ನಡೆದು ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಕೆಡಿಸುತ್ತದೆ. ಈ ಅಂಟಿನಲ್ಲಿ ಅದರ ಕಾಲು ಸಿಕ್ಕಿಕೊಳ್ಳುತ್ತದೆ. ಪತಂಗವೋ ಮೊಟ್ಟೆ ಇಡುವುದು ಹೆಚ್ಚಾಗಿ ಮೊಗ್ಗು, ಹೂ, ಕಾಯಿಗಳ ಮೇಲೆಯೇ. ಜೋಳದಲ್ಲಿ ಗೆಲ್ಲುವ ಕಣಜ ತೊಗರಿಯಲ್ಲಿ ಸೋಲುವುದು ಹೀಗೆ.

ಕಡಲೆಯಲ್ಲಿ ಅಂಟಿನ ಜಾಗಕ್ಕೆ ಹುಳಿ. ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಎಳೆದು ಹಿಂಡಿಕೊಳ್ಳುವ ಕಡಲೆ ಹುಳಿ ನಿಮಗೆ ಗೊತ್ತಿರುವುದೇ. ಅದರಲ್ಲಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಆಕ್ಸಾಲಿಕ್ ಆಮ್ಲ ಕೀಡಿಯ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಕೊಲ್ಲುವುದಿಲ್ಲ. ಟ್ರೈಕೋಗ್ರಾಮಕ್ಕೂ ಈ ಹುಳಿ ಆಗದು, ಹಾಗಾಗಿ ಕಡಲೆಗೆ ಕಾರ್ಡ್ ದಂಡ. ಆದರೆ ಕ್ಯಾಂಪೊಲೆಟಿಸ್ ಎಂಬ ಇನ್ನೊಂದು ಕಣಜ ಕಡಲೆ ಹೊಲದಲ್ಲೇ ಎಳೆಯ ಕೀಡಿಗಳ ಒಳಗೆ ಮೊಟ್ಟೆ ಇಡುತ್ತದೆ. ಆರಂಭದಲ್ಲೇ ಕಟುವಾದ ವಿಷ ಹೊಡೆದರೆ ಮೊದಲು ಸಾಯುವುದು ಅದೇ.

ತೊಗರಿಗೆ ಮೊಟ್ಟೆ ಕಂಡ ಕೂಡಲೇ 5 ಶೇಕಡಾ ಬೇವಿನ ಬೀಜದ ಕಷಾಯ ಹೊಡೆಯಿರಿ: 5 ಕೆ.ಜಿ. ತಿರುಳಿನ ಪುಡಿಯನ್ನು 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಮಾಡಿ, 100 ಗ್ರಾಂ ಸಾಬೂನಿನ ಪುಡಿ ಬೆರೆಸಿ. ಸರಿಯಾಗಿ ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ಕೀಡಿ ಸಣ್ಣದಿರುವಾಗಲೇ ಕೀಡಿಗೆ ರೋಗ ತರುವ ಎನ್‌ಪಿವಿ ನಂಜಾಣು (ವೈರಸ್) ಎಕರೆಗೆ 100 ಎಲ್‌ಇ (ಈ ನಂಜಾಣುವಿನ ಅಳತೆ), ಸ್ವಲ್ಪ ಬೆಲ್ಲ ಕರಗಿಸಿ, ಸಂಜೆ ಹೊತ್ತು ಹೊಡೆಯಿರಿ. ಹಗಲು ಹೊಡೆದರೆ ಬಿಸಿಲಿಗೆ ನಂಜಾಣು ಸಾಯುತ್ತದೆ. ಮರುದಿನವೇ ಕೀಡಿ ಸತ್ತಿಲ್ಲವೆಂದು ಬೇರೆ ಔಷಧಿ ತರಬೇಡಿ, ನಾಲ್ಕೈದು ದಿನ ಹಿಡಿಯುತ್ತದೆ. ಸತ್ತ ಕೀಡಿ ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತಿರುತ್ತದೆ.

ಬಲಿತ ಕೀಡಿಗೆ ಇವೆರಡೂ ಅಷ್ಟಕ್ಕಷ್ಟೆ. ತಲೆ ಕಾಯೊಳಗೆ, ಮೈ ಹೊರಗಿಟ್ಟು ತಿನ್ನುವ ಅದಕ್ಕೆ ನಮ್ಮ ಕಲಬುರಗಿಯ ಹಳೆಯ ಪದ್ಧತಿಯೇ ಲೇಸು: ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಬಗ್ಗಿಸಿ ಝಾಡಿಸಿ, ಬಿದ್ದವನ್ನು ಆರಿಸಿ ಕೊಲ್ಲಿ. ಆಳು ಹೆಚ್ಚು ಬೇಕು ನಿಜ.

ಇನ್ನು, ಹೂ ಉದುರಿತೆಂದು ಗಾಬರಿಯಾಗಬೇಡಿ. ತೊಗರಿಯ ಹತ್ತರಲ್ಲಿ ಎಂಟೊಂಬತ್ತು ಹೂ ಕೀಡಿ ಇಲ್ಲದಿದ್ದರೂ ಉದುರುತ್ತವೆ. ಗಿಡದಲ್ಲಿ ಮೊಟ್ಟೆ ಕಾಣದಿದ್ದಾಗ ಬಿದ್ದ ಹೂವನ್ನು ಬಿಡಿಸಿ, ತೂತು ಕಂಡರೆ ಮಾತ್ರ ಪಂಪು ಹೊರಿ.